ಗೋಡೆ ಬೇಡ, ಮಿಲ್ಲರ್ ಬೇಕು

ನಮಸ್ಕಾರ. ಸ್ಕಾಟ್ಲೆಂಡಿನ ಫುಟ್‌ಬಾಲ್ ಡಿಫೆಂಡರ್ ವಿಲ್ಲಿ ಮಿಲ್ಲರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ. ಕಾಗುಣಿತ ಶುದ್ಧವಾಗಿದೆ. ಅಬರ್ಡೀನ್ ಕ್ಲಬ್ ಪರ 797 ಪಂದ್ಯ, ಸ್ಕಾಟ್ಲೆಂಡ್ ಪರ 65, ಲೆಕ್ಕವೂ ಸರಿ. ಸಂತೋಷ. ಈಗ ನನ್ನ ಸಿಟ್ಟು ಕೇಳಿ.

ಎರಡು ಪುಟದಲ್ಲಿ ನಾಲ್ಕು ಸಲ 'ಗೋಡೆಯಂತೆ ನಿಂತರು' ಅಂದಿದ್ದೀರಿ. ಡಿಫೆಂಡರ್ ಸುಮ್ನೆ ನಿಂತರೆ ಗೋಲು ಬೀಳುತ್ತೆ, ಅಲ್ವಾ? ಮಿಲ್ಲರ್ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನೊಳಗೇ ಜಾರಿ ಚೆಂಡಿಗೆ ಕಾಲು ಹಾಕುತ್ತಿದ್ದವರು. ಅಲ್ಲಿ ಕೂದಲೆಳೆಯಷ್ಟು ತಡವಾದರೂ ಪೆನಾಲ್ಟಿ. ಎದ್ದ ಮೇಲೆ ರೆಫರಿ ಹತ್ತಿರ ವಾದ ಬೇರೆ. ಪಂದ್ಯ ನಡೆಸೋದು ರೆಫರಿಯೋ ಮಿಲ್ಲರೋ ಅಂತ ಎದುರಾಳಿಗಳು ಗೊಣಗುತ್ತಿದ್ದರು. ಯಾವ ಗೋಡೆ ರೆಫರಿ ಜೊತೆ ಜಗಳ ಆಡುತ್ತೆ? ಅವರು ಮೊದಲು ಗೋಲು ಹೊಡೆಯುವ ಫಾರ್ವರ್ಡ್ ಆಗಿದ್ದವರು, ಪೀಟರ್‌ಹೆಡ್ ತಂಡಕ್ಕೆ ಎರವಲು ಹೋಗಿ ಗೋಲು ಹೊಡೆದು ಬಂದವರು ಅನ್ನೋದನ್ನು ಕಂಸದಲ್ಲಿ ತುರುಕಿದ್ದೀರಿ. ಕಳ್ಳನ ದಾರಿ ಗೊತ್ತಿದ್ದ ಕಾವಲುಗಾರ ಕಣ್ರೀ ಅವರು!

ಇನ್ನು ಮೂರನೇ ಪ್ಯಾರಾ. '1982ರ ವಿಶ್ವಕಪ್‌ನಲ್ಲಿ ಸೋವಿಯತ್ ವಿರುದ್ಧ ದುರದೃಷ್ಟವಶಾತ್ ಗೋಲು ಬಿಟ್ಟುಕೊಡಲಾಯಿತು.' ಬಿಟ್ಟುಕೊಟ್ಟಿದ್ದು ಯಾರು? ಮಾಲಗಾ, ಸ್ಪೇನ್. ಸ್ಕಾಟ್ಲೆಂಡ್ ಗೆಲ್ಲಲೇಬೇಕು. ಆಟ ಮುಗಿಯಲು ಕೆಲವೇ ನಿಮಿಷ. ಉದ್ದದ ಚೆಂಡಿಗೆ ಮಿಲ್ಲರ್, ಜೊತೆ ಡಿಫೆಂಡರ್ ಅಲನ್ ಹ್ಯಾನ್ಸನ್ ಇಬ್ಬರೂ ಓಡಿದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಸೋವಿಯತ್ ಫಾರ್ವರ್ಡ್ ಶೆಂಗೇಲಿಯಾ ಒಬ್ಬನೇ ಚೆಂಡು ತಗೊಂಡು ಹೋಗಿ ಗೋಲು ಹೊಡೆದ. ಆಮೇಲೆ ಸ್ಕಾಟ್ಲೆಂಡಿನ ಸೂನೆಸ್ ಸಮ ಮಾಡಿದರೂ 2-2, ಮನೆಗೆ ದಾರಿ. ಇದನ್ನು 'ದುರದೃಷ್ಟವಶಾತ್' ಅನ್ನೋ ಒಂದೇ ಪದದಲ್ಲಿ ಮುಚ್ಚಿಬಿಟ್ಟಿರಲ್ಲ!

ಇದು ನನ್ನದೇ ಹಳೇ ಚಾಳಿ, ಅದಕ್ಕೇ ಉರಿ ಜಾಸ್ತಿ. ಪತ್ರಿಕೆಗೆ ಸೇರಿದ ಹೊಸದರಲ್ಲಿ ಒಂದು ಪಂದ್ಯದ ವರದಿಯಲ್ಲಿ 'ಗೋಲು ದಾಖಲಾಯಿತು' ಅಂತ ಬರೆದಿದ್ದೆ. ಡೆಸ್ಕಿನ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಯಾರು ಬಿಟ್ಟಿದ್ದಯ್ಯಾ?" ಅಂದರು. ಬಿಟ್ಟವನು ನನ್ನ ರೂಮ್‌ಮೇಟ್. "ಹೋಗಿ ಅವನನ್ನೇ ಕೇಳ್ಕೊಂಡು ಬಾ" ಅಂತ ಹಾಳೆ ವಾಪಸ್ ಕೊಟ್ಟರು. ಮುಜುಗರದಿಂದಲೇ ಕೇಳಿದೆ. ಅವನು ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿ, ಉಪ್ಪಿನಕಾಯಿ ಬಾಟಲಿ ತಾನು, ಲೋಟ ಗೋಲ್‌ಕೀಪರ್ ಅಂತ ಇಟ್ಟು ಅರ್ಧ ಗಂಟೆ ತೋರಿಸಿದ. ಅವನಿಗೆ ಒಂದು ಹೆಜ್ಜೆಯೂ ಮರೆತಿರಲಿಲ್ಲ.

ಮಾಲಗಾ ಆಗಿ ವರ್ಷ ತುಂಬುವ ಮೊದಲೇ, 1983ರ ಮೇ 11ರಂದು, ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಮಳೆಯಲ್ಲಿ, ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ, ರಿಯಲ್ ಮ್ಯಾಡ್ರಿಡ್ ವಿರುದ್ಧ ಅಬರ್ಡೀನ್ 2-1ರಿಂದ ಗೆದ್ದಿತು. ಕಪ್ ಎತ್ತಿದ್ದು ಇದೇ ಮಿಲ್ಲರ್, ಒಂದೇ ಕೈಯಲ್ಲಿ. ನಿಮ್ಮ ಲೇಖನದಲ್ಲಿ ಇವೆರಡರ ನಡುವೆ ನಾಲ್ಕು ಪ್ಯಾರಾ ಅಂಕಿಅಂಶ ಕೂತಿದೆ. ಅದನ್ನೆಲ್ಲ ಕಿತ್ತುಹಾಕಿ. ಮಾಲಗಾದ ಡಿಕ್ಕಿಯನ್ನು ಮತ್ತೆ ಬರೆಯಿರಿ, ಚೆಂಡು ಗಾಳಿಯಲ್ಲಿದ್ದಾಗಿಂದ. ಮುಂದಿನ ಶುಕ್ರವಾರದೊಳಗೆ ಕಳಿಸಿದರೆ ಈ ಸಂಚಿಕೆಗೇ ಹಾಕೋಣ.