ಒಂದು ಅಕ್ಷರ ಬದಲಾಗುವುದಕ್ಕಿಂತ ಬಿಟ್ಟುಹೋಗುವುದೇ ಜಾಸ್ತಿ ಅಪಾಯವೇ?

ಡಿಎನ್‌ಎಯಲ್ಲಿ ಒಂದು ಅಕ್ಷರ (ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳಲ್ಲಿ ಒಂದು) ಬದಲಾದರೆ ಹೆಚ್ಚು ಹಾನಿಯೋ, ಬಿಟ್ಟುಹೋದರೆ ಹೆಚ್ಚೋ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಬಿಟ್ಟುಹೋದರೇ ಹೆಚ್ಚು. ಜೀನ್ ಎಂದರೆ ಪ್ರೋಟೀನ್ ತಯಾರಿಸುವ ಸೂಚನೆ ಇರುವ ಡಿಎನ್‌ಎ ಭಾಗ; ಜೀವಕೋಶ ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ‘ಅವಳು ಮರದ ಕೆಳಗೆ ನಿಂತಳು’ ಎಂಬುದರಲ್ಲಿ ‘ವ’ ತೆಗೆದು ಮತ್ತೆ ಮೂರು ಮೂರಾಗಿ ಓದಿ: ‘ಅಳುಮ ರದಕೆ ಳಗೆನಿಂ ತಳು’. ಅಲ್ಲಿಂದ ಮುಂದೆ ಎಲ್ಲವೂ ಕೆಟ್ಟಿತು, ಅಲ್ವಾ? ಪ್ರೋಟೀನ್ ಕೂಡ ಹೀಗೇ ಹಾಳಾಗಿ, ಹೆಚ್ಚಾಗಿ ಅರ್ಧಕ್ಕೇ ನಿಲ್ಲುತ್ತದೆ.

ಅಕ್ಷರ ಬದಲಾದರೆ ಆಗುವ ಪರಿಣಾಮ ಜಾಗವನ್ನು ಅವಲಂಬಿಸಿದೆ. ಹಿಮೋಗ್ಲೋಬಿನ್ ಜೀನಿನ ಒಂದು ಕಡೆ ಜಿಎಜಿ ಇದೆ. ಅದು ಜಿಎಎ ಆದರೆ ಏನೂ ಆಗುವುದಿಲ್ಲ, ಅದೇ ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಒಂದು ಕೊಂಡಿ) ಬರುತ್ತದೆ. ಜಿಟಿಜಿ ಆದರೆ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಅದೇ ಬಂದರೆ ಸಿಕಲ್ ಸೆಲ್ ರೋಗ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ನೋವು ವಿಪರೀತ. ಒಬ್ಬರಿಂದ ಮಾತ್ರ ಬಂದರೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ! ಹಾಗಾಗಿ ಮ್ಯುಟೇಶನ್ (ಡಿಎನ್‌ಎಯ ಇಂಥ ಬದಲಾವಣೆ) ಎಂದರೆ ಸುಮ್ನೆ ಕೆಟ್ಟದ್ದು ಎನ್ನಲಾಗದು.

ಇನ್ನೊಂದು ವಿಷಯ, ನನಗೆ ತುಂಬ ಮುಖ್ಯ ಅನಿಸುವುದು. ಎಷ್ಟು ಅಕ್ಷರ ಹೋಯಿತು ಎನ್ನುವುದಕ್ಕಿಂತ ಓದುವ ಸಾಲು, ಅಂದರೆ ಮೂರು ಮೂರರ ಗುಂಪು, ತಪ್ಪಿತೇ ಎಂದು ನೋಡಬೇಕು. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಪ್ರೋಟೀನಿನ ಜೀನಿನಲ್ಲಿ ಸಾಲು ತಪ್ಪಿದರೆ ಸಾಮಾನ್ಯವಾಗಿ ತೀವ್ರವಾದ ಡುಶೆನ್ ಸ್ನಾಯುರೋಗ. ದೊಡ್ಡ ತುಂಡೇ ಹೋಗಿದ್ದರೂ ಸಾಲು ಉಳಿದರೆ, ಎಷ್ಟೋ ಸಲ ಸೌಮ್ಯವಾದ ಬೆಕರ್ ರೂಪ ಬರುತ್ತದೆ.