ಎರಡು ವರ್ಷದ ‘ಹೂಂ’

‘ದಿನಾ ನಾವೇ ಓದಿ ಹೇಳುತ್ತೇವೆ ಮೇಡಂ, ಆದರೂ ತಲೆಗೆ ಹತ್ತುತ್ತಿಲ್ಲ.’ ಕಣ್ಣು ಮಂಜಾಗುತ್ತಿರುವ ಮಕ್ಕಳನ್ನು ಸಲಹೆಗಾಗಿ ನನ್ನ ಬಳಿಗೆ ಕರೆದುಕೊಂಡು ಬರುವ ತಂದೆತಾಯಿಯರಿಂದ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಅಂಥ ಒಂದು ಮನೆಗೆ ನಾನು ಕೊಟ್ಟ ಸಲಹೆ ಕಟುವಾಯಿತು ಎಂದು ಜೊತೆಯಲ್ಲಿ ಕೆಲಸ ಮಾಡುವವರು ಆಕ್ಷೇಪಿಸಿದರು. ಅದಕ್ಕಾಗಿಯೇ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇದನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ ಇಪ್ಪತ್ತು ವರ್ಷ, ಬಿ.ಎ. ಓದುತ್ತಿದ್ದ. ಚಿಕ್ಕಂದಿನಿಂದ ಇರುಳುಗುರುಡು, ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ವೈದ್ಯರು ಹೇಳಿದ್ದರು. ನೋಟದ ಅಂಚು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಪಿಯುಸಿ ಮುಗಿಯುವ ಹೊತ್ತಿಗೆ ಅಚ್ಚಿನ ಅಕ್ಷರ ಕೈತಪ್ಪಿತ್ತು. ಎಸ್ಸೆಸ್ಸೆಲ್ಸಿವರೆಗೆ ಓದಿದ ತಾಯಿ ರಾತ್ರಿ ಊಟದ ಪಾತ್ರೆ ತೊಳೆದಿಟ್ಟು ಎರಡು ಗಂಟೆ ಪಠ್ಯಪುಸ್ತಕ ಓದುತ್ತಿದ್ದರು. ತಾವಿಲ್ಲದ ದಿನಕ್ಕೆಂದು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಟ್ಟು ಹೋಗುತ್ತಿದ್ದರು. ಆದರೂ ಹುಡುಗ ಎರಡು ವಿಷಯಗಳಲ್ಲಿ ನಪಾಸಾಗಿದ್ದ. ಅವನಿಗೆ ಏಕಾಗ್ರತೆ ಇಲ್ಲ ಎಂಬುದು ಮನೆಯವರ ದೂರು.

ಮೂರನೆಯ ಭೇಟಿಯಲ್ಲಿ, ಹಿಂದಿನ ರಾತ್ರಿ ಏನು ಓದಿದಿರಿ ಎಂದು ಕೇಳಿದೆ. ವಿಜಯನಗರದ ಆಡಳಿತ, ಅಮರನಾಯಕ ಪದ್ಧತಿ ಎಂದರು ತಾಯಿ. ಹಾಗೆಂದರೇನು ಎಂದು ಹುಡುಗನನ್ನು ಕೇಳಿದೆ. ಅವನು ಸುಮ್ಮನಿದ್ದ.

‘ನಿನ್ನೆ ಅರ್ಥವಾಯಿತು ಎಂದೆಯಲ್ಲೋ!’

‘ಅರ್ಥವಾಗಿರಲಿಲ್ಲ ಅಮ್ಮಾ. ನಿನ್ನ ಗಂಟಲು ಕಟ್ಟಿತ್ತು. ಇನ್ನೊಮ್ಮೆ ಓದು ಎನ್ನಲು ಮನಸ್ಸು ಬರಲಿಲ್ಲ. ಹೂಂ ಎಂದೆ.’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವನೇ ಹೇಳಿದ: ‘ಎರಡು ವರ್ಷದಿಂದ ಹೂಂ ಎನ್ನುತ್ತಿದ್ದೇನೆ.’

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನೂ ತಕ್ಷಣ ಮಾತನಾಡಲಿಲ್ಲ.

ಕಣ್ಣಿರುವ ನಾವು ಕಠಿಣವಾದ ಒಂದು ವಾಕ್ಯವನ್ನು ನಾಲ್ಕು ಬಾರಿ ಓದುತ್ತೇವೆ. ಹಿಂದಿನ ಪುಟ ತಿರುವುತ್ತೇವೆ, ಬೇಡದ್ದನ್ನು ಹಾರಿಸುತ್ತೇವೆ. ಯಾರ ಅಪ್ಪಣೆಯೂ ಬೇಕಿಲ್ಲ. ಓದು ಎಂದರೆ ನನ್ನ ಮಟ್ಟಿಗೆ ಈ ಸ್ವಾತಂತ್ರ್ಯವೇ. ಕೇಳಿಸಿಕೊಳ್ಳುವುದೂ ಓದೇ, ನಮ್ಮಲ್ಲಿ ಗಮಕವಿಲ್ಲವೇ, ಪುರಾಣ ಶ್ರವಣವಿಲ್ಲವೇ ಎಂದು ಇಂಥ ಮಕ್ಕಳಿಗೆ ನಾನೇ ಸಮಾಧಾನ ಹೇಳಿದ್ದುಂಟು. ಅದು ನಿಜವೇ ಆದರೂ ಈ ಹುಡುಗನ ಕಷ್ಟಕ್ಕೆ ಉತ್ತರವಾಗಿರಲಿಲ್ಲ. ಕೇಳುವುದು ಅವನಿಗೆ ಕೀಳೆನಿಸಿರಲಿಲ್ಲ. ದಣಿದ ತಾಯಿಯನ್ನು ಹಿಂದಿನ ಸಾಲಿಗೆ ಕಳುಹಿಸುವುದು ಅವನಿಂದಾಗುತ್ತಿರಲಿಲ್ಲ.

ತಾಯಿಗೆ ನಾನು ಹೇಳಿದ್ದು ಇಷ್ಟು: ‘ನಾಳೆಯಿಂದ ಪಠ್ಯಪುಸ್ತಕ ಓದಿ ಹೇಳಬೇಡಿ. ಓದಲೇಬೇಕೆನಿಸಿದರೆ ನಿಮಗೆ ಇಷ್ಟವಾದ ಕಥೆ ಓದಿ, ಅವನು ಕೇಳಲಿ.’

‘ಹಾಗಾದರೆ ಇಷ್ಟು ದಿನ ಓದಿದ್ದೆಲ್ಲ ದಂಡವೇ?’ ಎಂದರು.

ದಂಡವಲ್ಲ, ನೀವು ಓದಿದ್ದರಿಂದಲೇ ಅವನು ಕಾಲೇಜು ಬಿಡಲಿಲ್ಲ ಎಂದೆ. ಆ ಮಾತು ಅವರನ್ನು ಮುಟ್ಟಿತೆಂದು ಹೇಳಲಾರೆ. ನಿಧಾನವಾಗಿ ಬಿಡಿಸಬಹುದಿತ್ತಲ್ಲ ಎಂದು ಆಮೇಲೆ ನನ್ನ ಜೊತೆಯವರು ಕೇಳಿದ್ದು ಇದನ್ನೇ. ಆದರೆ ಸ್ವಲ್ಪ ಅಮ್ಮ, ಸ್ವಲ್ಪ ಓದಿ ಹೇಳುವ ಯಂತ್ರ ಎಂದು ಹಂಚಿದ್ದರೆ, ಪ್ರೀತಿಗಾಗಿ ಅವನು ಅಮ್ಮನ ಪಾಲಿನಲ್ಲಿ ಹೂಂಗುಟ್ಟುತ್ತಲೇ ಇರುತ್ತಿದ್ದ. ಪರೀಕ್ಷೆಗೆ ಐದು ತಿಂಗಳಿತ್ತು. ಇಂದು ಕೇಳಿದರೂ ಅದೇ ಸಲಹೆ ಕೊಡುತ್ತೇನೆ.

ಪರ್ಯಾಯ ಕೈಯಲ್ಲಿಲ್ಲದೆ ಓದನ್ನು ನಿಲ್ಲಿಸಿ ಎನ್ನುವುದು ಮಾತ್ರ ಕ್ರೌರ್ಯ. ಅಂದೇ ಅವನ ಕೈಗೆ ಡೇಸಿ ಎಂಬ ಮಾದರಿಯ, ಕೇಳಿ ಓದುವ ಡಿಜಿಟಲ್ ಪುಸ್ತಕವೊಂದನ್ನು ಕೊಟ್ಟೆವು. ಮೊಬೈಲ್ ಧ್ವನಿಮುದ್ರಣದಲ್ಲಿ ನಲವತ್ತು ನಿಮಿಷದ ಪಾಠ ಒಂದೇ ಉದ್ದನೆಯ ಹಗ್ಗ; ಬೇಕಾದ ಸಾಲನ್ನು ಅಂದಾಜಿನಲ್ಲಿ ತಡಕಬೇಕು. ಸರಿಯಾಗಿ ಸಿದ್ಧಪಡಿಸಿದ ಡೇಸಿ ಪುಸ್ತಕದಲ್ಲಿ ಅಧ್ಯಾಯ, ಉಪಶೀರ್ಷಿಕೆ, ಪುಟಸಂಖ್ಯೆ ಎಲ್ಲಕ್ಕೂ ಗುರುತಿರುತ್ತದೆ. ಉಪನ್ಯಾಸಕರು 112ನೆಯ ಪುಟ ಎಂದರೆ ಅವನೂ 112ಕ್ಕೇ ಹೋಗಬಹುದು, ಬೇಕಾದಲ್ಲಿ ಗುರುತಿಟ್ಟು ಮರಳಬಹುದು. ಒಂದು ವಾಕ್ಯವನ್ನು ಹತ್ತು ಬಾರಿ ಕೇಳಿದರೂ ಪುಸ್ತಕದ ಗಂಟಲು ಕಟ್ಟುವುದಿಲ್ಲ.

2016ರ ಆಗಸ್ಟಿನಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳಿವೆ. ಅಚ್ಚಿನ ಪುಸ್ತಕ ಓದಲಾಗದವರು ಅದಕ್ಕೆ ದಾಖಲೆ ಕೊಟ್ಟು ಸದಸ್ಯರಾಗಬಹುದು. ಹೀಗೆ ಪ್ರತಿ ಮಾಡುವುದು ಕಳ್ಳತನವಲ್ಲವೇ ಎಂದು ಹುಡುಗನ ತಂದೆ ಹಿಂಜರಿದರು. ಅಲ್ಲ. ಅಚ್ಚು ಓದಲಾಗದವರಿಗಾಗಿ ಪುಸ್ತಕದ ರೂಪ ಬದಲಿಸಲು 2012ರ ತಿದ್ದುಪಡಿಯಿಂದ ನಮ್ಮ ಹಕ್ಕುಸ್ವಾಮ್ಯ ಕಾನೂನೇ ಅವಕಾಶ ಕೊಟ್ಟಿದೆ. ಇಂಥವರಿಗೆ ಪುಸ್ತಕ ಸಿಗಲೆಂದು ಆದ ಅಂತರರಾಷ್ಟ್ರೀಯ ಮಾರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶವೂ ಭಾರತವೇ, 2014ರಲ್ಲಿ. ಇದು ತಿಳಿಯದೆ ತಪ್ಪಿತಸ್ಥರಂತೆ ಕುಗ್ಗುವ ಕುಟುಂಬಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮೊದಲ ಎರಡು ವಾರ ಅವನು ಯಂತ್ರದ ಕನ್ನಡವನ್ನು ದ್ವೇಷಿಸಿದ. ಇದನ್ನು ಮುಂಚೆಯೇ ಹೇಳಿಡಬೇಕು. ಎಷ್ಟೋ ಮಂದಿ ಇಲ್ಲಿಯೇ ಬಿಟ್ಟುಬಿಡುತ್ತಾರೆ. ವೇಗ ತಗ್ಗಿಸಿಕೋ, ಗೊತ್ತಿರುವ ಪಾಠದಿಂದ ಆರಂಭಿಸು ಎಂದೆ. ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಟ್ಟೆವು; ತೆರೆಯ ಮೇಲಿನ ಪಠ್ಯವನ್ನು ಓದಿ ಹೇಳುವ ಆ ತಂತ್ರಾಂಶ ಉಚಿತ. ಧ್ವನಿ ಮಾತ್ರ ಇರುವ ಪುಸ್ತಕಕ್ಕಿಂತ ಪಠ್ಯವೂ ಇರುವುದನ್ನೇ ಆರಿಸಿಕೋ ಎಂದು ಒತ್ತಾಯಿಸಿದೆ. ಬರೀ ಕಿವಿಯಿಂದ ಕಲಿತವರಿಗೆ ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು, ಒತ್ತು ಎಲ್ಲಿದೆ ಎಂಬುದು ಮಸುಕಾಗುತ್ತದೆ. ಪಠ್ಯವಿದ್ದರೆ ಅನುಮಾನ ಬಂದ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳಬಹುದು.

ನನಗೆ ಸಿಟ್ಟು ಬರುವುದು ಕಾಲೇಜುಗಳು ಕೊಡುವ ನೋಟ್ಸ್ ನೋಡಿದಾಗ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಣ್ಣಿಗೆ ಕನ್ನಡ, ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಅದಕ್ಕೆ ಬರೀ ಚಿತ್ರ. ತಂತ್ರಾಂಶವೂ ಕನ್ನಡವೆಂದೇ ಗುರುತಿಸುವ ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟರೆ ಈ ಕಷ್ಟವೇ ಇರುವುದಿಲ್ಲ.

ಎರಡು ತಿಂಗಳು ತಾಯಿ ನನ್ನ ಜೊತೆ ಹೆಚ್ಚು ಮಾತನಾಡಲಿಲ್ಲ. ಮಗನನ್ನು ಬಿಟ್ಟು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಆಮೇಲೊಂದು ದಿನ ಅವರೇ ಫೋನ್ ಮಾಡಿದರು. ಅರ್ಥಶಾಸ್ತ್ರದ ಒಂದು ಪುಸ್ತಕ ಎಲ್ಲಿಯೂ ಸಿಕ್ಕಿರಲಿಲ್ಲವಂತೆ. ಪಕ್ಕದ ಮನೆಯ ಹುಡುಗಿಯಿಂದ ಕಲಿತು, ಪುಟಗಳ ಫೋಟೋ ತೆಗೆದು ಪಠ್ಯವಾಗಿಸುತ್ತಿದ್ದರು. ಯಂತ್ರ ತಪ್ಪು ಗುರುತಿಸಿದ ಒತ್ತಕ್ಷರಗಳನ್ನು ರಾತ್ರಿ ಕುಳಿತು ತಿದ್ದುತ್ತಿದ್ದರು. ಮೂರು ಅಧ್ಯಾಯ ಮುಗಿದಿತ್ತು.

‘ಅಧ್ಯಾಯದ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಆದರೂ ಅವನಿಗೆ ಅಲ್ಲಿಗೆ ನೇರವಾಗಿ ಹೋಗಲು ಆಗುತ್ತಿಲ್ಲ, ನನ್ನನ್ನೇ ಕರೆಯುತ್ತಾನೆ’ ಎಂದರು. ‘ಕರೆಯದ ಹಾಗೆ ಮಾಡುವುದು ಹೇಗೆ ಮೇಡಂ?’

ದಪ್ಪ ಮಾಡಿದರೆ ಸಾಲದು, ಅದಕ್ಕೆ ತಂತ್ರಾಂಶ ಗುರುತಿಸುವ ಹೆಡಿಂಗ್ ಎಂಬ ಶೈಲಿಯನ್ನು ಕೊಡಬೇಕು ಎಂದು ವಿವರಿಸಿದೆ. ‘ತಡೆಯಿರಿ, ಬರೆದುಕೊಳ್ಳುತ್ತೇನೆ’ ಎಂದರು. ಬರೆದುಕೊಂಡ ಮೇಲೆ ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ.