ಶಾಸನದ ಅಡಿಟಿಪ್ಪಣಿಗೆ ಪುಟಸಂಖ್ಯೆ ಸಾಲದು

ಗೌರಿಬಿದನೂರು ತಾಲ್ಲೂಕಿನ ವೀರಗಲ್ಲು ಶಾಸನಕ್ಕೆ ಅಡಿಟಿಪ್ಪಣಿ ಹೇಗೆ ಬರೆಯಲಿ ಎಂದು ಕೇಳಿದ್ದೀರಿ. ಎಪಿಗ್ರಾಫಿಯಾ ಕರ್ನಾಟಿಕಾ (ಶಾಸನಗಳ ಗ್ರಂಥಮಾಲೆ), ಸಂಪುಟ 10, ಸಂಪಾದಕರು ಬಿ. ಎಲ್. ರೈಸ್, 1905, ಆಮೇಲೆ ತಾಲ್ಲೂಕು, ಶಾಸನ ಸಂಖ್ಯೆ: ಈ ಕ್ರಮದಲ್ಲಿ ಕೊಡಿ. ತಾಲ್ಲೂಕಿನ ಹೆಸರನ್ನಂತೂ ಬಿಡಲೇಬೇಡಿ. ಪ್ರತಿ ತಾಲ್ಲೂಕಿಗೂ ಸಂಖ್ಯೆ 1ರಿಂದಲೇ ಶುರುವಾಗುತ್ತದೆ; ಬರೀ ‘ಸಂಖ್ಯೆ 25’ ಅಂದರೆ ಕೋಲಾರದ್ದೋ ಮುಳಬಾಗಿಲಿನದ್ದೋ ತಿಳಿಯದು. ಪುಟಸಂಖ್ಯೆಯೊಂದನ್ನೇ ಕೊಟ್ಟರೂ ತೊಡಕು, ಮೂಲಪಾಠ ಮತ್ತು ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ.

ಸಂಪುಟದಲ್ಲಿ ಕೋಲಾರ ಜಿಲ್ಲೆ ಅಂತಿರುವುದನ್ನು ತಿದ್ದಬೇಡಿ. ಗೌರಿಬಿದನೂರು ಈಗ ಸೇರಿರುವ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಈಗಿನ ಹೆಸರನ್ನು ಆವರಣದಲ್ಲಿ ಸೇರಿಸಿ. ಕಲ್ಲನ್ನು ನೀವೇ ಓದಿ ಪಾಠ ಬದಲಿಸಿದ್ದರೆ ಎಷ್ಟನೇ ಸಾಲು, ಯಾವ ದಿನ ನೋಡಿದಿರಿ ಎರಡನ್ನೂ ಬರೆಯಿರಿ. ಇಲ್ಲವಾದರೆ ನಿಮ್ಮ ಓದನ್ನು ರೈಸ್ ಅವರ ತಲೆಗೆ ಕಟ್ಟಿದಂತಾಗುತ್ತದೆ.